ಸೂಜಿಮದ್ದಿನೊಳಗಿನ ಗಾಳಿಗುಳ್ಳೆ: ಅಂಜಿಕೆ ಬೇಡ, ಎಚ್ಚರ ಬೇಕು

ಕೆಲವು ತಿಂಗಳ ಹಿಂದೆ ಅಮಾವಾಸ್ಯೆಯಂದು ಮಠಕ್ಕೆ ಬಂದಿದ್ದ ಹನೂರು ತಾಲ್ಲೂಕಿನ ಹಿರಿಯ ರೈತರೊಬ್ಬರು ಪ್ರಸಾದ ಸ್ವೀಕರಿಸಿದ ನಂತರ ನಮ್ಮ ಬಳಿ ಕುಳಿತು ತಮ್ಮ ಸಂಕಟವನ್ನು ತೋಡಿಕೊಂಡರು. ಬಹುದಿನಗಳಿಂದ ಅವರಿಗೆ ಹೊಟ್ಟೆನೋವು. ವೈದ್ಯರು ಪರೀಕ್ಷಿಸಿ, ಕಾಂಟ್ರಾಸ್ಟ್ ಸೂಜಿಮದ್ದು ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಆಗಬೇಕೆಂದು ಬರೆದುಕೊಟ್ಟರು. ಮಗನೊಡನೆ ಬೆಳಗಿನ ಮೊದಲ ಬಸ್ಸು ಹತ್ತಿ ನಗರದ ಆಸ್ಪತ್ರೆಗೆ ಹೋದರು. ಕೈಗೆ ಸೂಜಿ ಹಾಕಿ, ಮೇಜಿನ ಮೇಲೆ ಮಲಗಿಸಿ, ಯಂತ್ರದ ಕೊಳವೆಯನ್ನು ಜೋಡಿಸುವ ಹೊತ್ತಿಗೆ ಆ ಪಾರದರ್ಶಕ ಕೊಳವೆಯೊಳಗೆ ಸಾಸಿವೆಕಾಳಿನಷ್ಟು ಗಾಳಿಗುಳ್ಳೆಯೊಂದು ಅವರ ಕಣ್ಣಿಗೆ ಬಿತ್ತು. ಎಂದೋ ನೋಡಿದ ಚಲನಚಿತ್ರದಲ್ಲಿ ಖಳನಾಯಕನು ಬರಿದಾದ ಸಿರಿಂಜಿನಿಂದ ಗಾಳಿ ಚುಚ್ಚಿ ಒಬ್ಬನನ್ನು ಕೊಂದ ದೃಶ್ಯ ಮನಸ್ಸಿಗೆ ಬಂತು. ಎದ್ದು ಕುಳಿತರು. ಯಾರು ಎಷ್ಟು ಹೇಳಿದರೂ ಕೇಳದೆ ಸ್ಕ್ಯಾನ್ ಮಾಡಿಸಿಕೊಳ್ಳದೆಯೇ ಊರಿಗೆ ಮರಳಿದರು. ಎರಡು ತಿಂಗಳು ಕಳೆಯಿತು. ನೋವು ಹೆಚ್ಚುತ್ತಲೇ ಇತ್ತು.

"ಗುಳ್ಳೆ ಕಂಡದ್ದು ನಿಜ. ನಾನು ಹೆದರಿದ್ದು ತಪ್ಪೇ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಏನೂ ಆಗುವುದಿಲ್ಲ, ಹೋಗಿ ಬನ್ನಿ ಎಂದುಬಿಡುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಗಾಳಿ ಒಳಗೆ ಹೋದರೆ ಸಾವೇ ಗತಿ ಎನ್ನುವುದೂ ಸತ್ಯವಲ್ಲ. ಇವೆರಡರ ನಡುವೆ ಇರುವ ನಿಜವನ್ನು ಭಕ್ತಾದಿಗಳ ಮುಂದಿಡುವುದು ಈ ತಿಂಗಳ ಆರೋಗ್ಯ ವಿಭಾಗದ ಉದ್ದೇಶ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹಳ್ಳಿಗಳಿಂದ ಇಂದು ಸ್ಕ್ಯಾನಿಂಗ್‌ಗಾಗಿ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಿ ಬರುವವರಿಲ್ಲದ ಊರು ಅಪರೂಪ. ಲೊಕ್ಕನಹಳ್ಳಿ, ರಾಮಾಪುರ, ಕೌದಳ್ಳಿ ಕಡೆಯವರಿಗೆ ಅದು ಇಡೀ ದಿನದ ಕೆಲಸ. ಕೂಲಿಯೂ ಹೋಗುತ್ತದೆ, ಬಸ್ಸಿನ ಖರ್ಚೂ ಆಗುತ್ತದೆ. ಅಷ್ಟು ಕಷ್ಟಪಟ್ಟು ಹೋದವರು ತಿಳಿಯದ ಭಯಕ್ಕೆ ಬರಿಗೈಯಲ್ಲಿ ಹಿಂತಿರುಗಬಾರದು. ಹಾಗೆಯೇ, ಎಚ್ಚರ ವಹಿಸಬೇಕಾದ ಕಡೆ ಯಾರೂ ಉದಾಸೀನ ಮಾಡಲೂಬಾರದು.

ಸ್ಕ್ಯಾನಿಂಗ್‌ನಲ್ಲಿ ಸೂಜಿಮದ್ದು ಏಕೆ?

1895ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜೆನ್ ಅವರು ಕ್ಷ-ಕಿರಣವನ್ನು ಕಂಡುಹಿಡಿದಾಗ ಮೂಳೆಗಳು ಮೊದಲ ಬಾರಿಗೆ ಚರ್ಮದ ಮರೆಯಿಂದ ಹೊರಗೆ ಕಂಡವು. ಮೂಳೆಯಲ್ಲಿ ಸುಣ್ಣದ ಅಂಶವಿರುವುದರಿಂದ ಅದು ಕಿರಣವನ್ನು ತಡೆಯುತ್ತದೆ, ಆದ್ದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಆದರೆ ರಕ್ತನಾಳ, ಯಕೃತ್ತು, ಮೂತ್ರಪಿಂಡ, ಕರುಳು ಇವೆಲ್ಲ ಹೆಚ್ಚುಕಡಿಮೆ ಒಂದೇ ಬೂದುಬಣ್ಣದಲ್ಲಿ ಬೆರೆತುಹೋಗುತ್ತವೆ. 1971ರಲ್ಲಿ ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರದಿಂದ ರೋಗಿಯ ಮೆದುಳಿನ ಮೊದಲ ಚಿತ್ರ ತೆಗೆಯಲಾಯಿತು. ಅಂದಿನಿಂದ ದೇಹವನ್ನು ಪದರ ಪದರವಾಗಿ ನೋಡುವುದು ಸಾಧ್ಯವಾಯಿತು. ಆದರೂ ಗೆಡ್ಡೆ ಯಾವುದು, ಸಹಜ ಅಂಗಾಂಶ ಯಾವುದು, ರಕ್ತ ಎಲ್ಲಿ ಹರಿಯುತ್ತಿದೆ, ಎಲ್ಲಿ ನಿಂತಿದೆ ಎಂಬುದನ್ನು ಬೇರ್ಪಡಿಸಿ ತೋರಿಸಲು ಅನೇಕ ಸಂದರ್ಭಗಳಲ್ಲಿ ವಿಶೇಷ ದ್ರಾವಣವೊಂದು ಬೇಕಾಗುತ್ತದೆ. ಅದೇ ಕಾಂಟ್ರಾಸ್ಟ್ ದ್ರಾವಣ. ಸಿ.ಟಿ. ಸ್ಕ್ಯಾನಿಗೆ ಬಳಸುವ ದ್ರಾವಣದಲ್ಲಿ ಅಯೋಡಿನ್ ಇರುತ್ತದೆ, ಎಂ.ಆರ್.ಐ. ಸ್ಕ್ಯಾನಿಗೆ ಬಳಸುವುದರಲ್ಲಿ ಗ್ಯಾಡೋಲಿನಿಯಮ್ ಎಂಬ ಲೋಹದ ಸಂಯುಕ್ತವಿರುತ್ತದೆ.

ಎಂ.ಆರ್.ಐ.ಗೆ ಬೇಕಾಗುವ ದ್ರಾವಣ ಕಡಿಮೆ. 50 ಕಿಲೋ ತೂಕದವರಿಗೆ ಸಾಮಾನ್ಯವಾಗಿ 10 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಸಾಕು. ಸಿ.ಟಿ.ಗೆ ಹಾಗಲ್ಲ. ವಯಸ್ಕರಿಗೆ 50ರಿಂದ 100 ಮಿಲಿಲೀಟರ್‌ವರೆಗೆ ಬೇಕಾಗುವುದು ಸಾಮಾನ್ಯ. ರಕ್ತನಾಳಗಳ ಚಿತ್ರ ತೆಗೆಯುವಾಗ ಅದನ್ನು ಸೆಕೆಂಡಿಗೆ 4ರಿಂದ 5 ಮಿಲಿಲೀಟರ್ ವೇಗದಲ್ಲಿ ಒಳಗೆ ಬಿಡಬೇಕಾಗುತ್ತದೆ. ದ್ರಾವಣವು ನೀರಿಗಿಂತ ಗಟ್ಟಿ. ಕೈಯಿಂದ ಒತ್ತಿ ಅಷ್ಟು ವೇಗವನ್ನು ಒಂದೇ ಸಮನಾಗಿ ಕಾಯ್ದುಕೊಳ್ಳಲಾಗದು. ಅದಕ್ಕಾಗಿಯೇ ಇಂಜೆಕ್ಟರ್ ಎಂಬ ಯಂತ್ರವಿದೆ. ಅದರಲ್ಲಿ ದೊಡ್ಡ ಸಿರಿಂಜು, ಅದಕ್ಕೆ ಉದ್ದನೆಯ ಕೊಳವೆ, ಕೊಳವೆಯ ತುದಿ ರೋಗಿಯ ಕೈಯಲ್ಲಿರುವ ಸೂಜಿಗೆ. ಗುಂಡಿ ಒತ್ತಿದ ಮೇಲೆ ಯಂತ್ರವು ತನ್ನ ಪಾಡಿಗೆ ತಾನು ತಳ್ಳುತ್ತದೆ. ಸಿರಿಂಜಿನಲ್ಲಿ ದ್ರಾವಣವಿದ್ದರೆ ದ್ರಾವಣವನ್ನು ತಳ್ಳುತ್ತದೆ, ಗಾಳಿಯಿದ್ದರೆ ಗಾಳಿಯನ್ನು ತಳ್ಳುತ್ತದೆ. ಆದ್ದರಿಂದ ಗುಂಡಿ ಒತ್ತುವ ಮುನ್ನ ಮನುಷ್ಯನ ಕಣ್ಣು ನೋಡಬೇಕಾದ್ದನ್ನು ನೋಡಿರಬೇಕು.

ಗುಳ್ಳೆ ಎಲ್ಲಿಂದ ಬರುತ್ತದೆ?

ಹೊಸ ಸಿರಿಂಜಿನ ಒಳಗೆ, ಹೊಸ ಕೊಳವೆಯ ಒಳಗೆ ಇರುವುದು ಗಾಳಿಯೇ. ದ್ರಾವಣವು ಅದನ್ನು ಪೂರ್ತಿಯಾಗಿ ಹೊರದೂಡಿದಾಗ ಮಾತ್ರ ಅದು ಹೋಗುತ್ತದೆ. ಉದ್ದನೆಯ ಕೊಳವೆಯೊಂದನ್ನು ದ್ರಾವಣದಿಂದ ತುಂಬದೆ ಹಾಗೆಯೇ ಜೋಡಿಸಿದರೆ ಕೆಲವು ಮಿಲಿಲೀಟರ್ ಗಾಳಿ ನೇರವಾಗಿ ರಕ್ತನಾಳಕ್ಕೆ ಹೋಗುತ್ತದೆ.

ಎರಡನೆಯ ಮೂಲ ಅವಸರ. ಸಿರಿಂಜಿನ ದಿಂಡನ್ನು ರಭಸದಿಂದ ಹಿಂದಕ್ಕೆ ಎಳೆದಾಗ ಗಟ್ಟಿ ದ್ರಾವಣವು ಸಣ್ಣ ರಂಧ್ರದ ಮೂಲಕ ಅಷ್ಟೇ ಬೇಗ ಬರಲಾರದು. ಒಳಗೆ ಒತ್ತಡ ಕುಸಿಯುತ್ತದೆ. ದ್ರಾವಣದಲ್ಲಿ ಕರಗಿದ್ದ ಗಾಳಿ ಹೊರಬಂದು ನೊರೆಯಂತಹ ಸಣ್ಣ ಗುಳ್ಳೆಗಳಾಗುತ್ತದೆ, ಜೋಡಣೆಯ ಸಂದುಗಳಿಂದಲೂ ಗಾಳಿ ನುಸುಳುತ್ತದೆ. ದ್ರಾವಣವು ಗಟ್ಟಿಯಾಗಿರುವುದರಿಂದ ಈ ಗುಳ್ಳೆಗಳು ಬೇಗ ಮೇಲೇಳದೆ ಸಿರಿಂಜಿನ ಒಳಗೋಡೆಗೆ ಅಂಟಿಕೊಂಡಿರುತ್ತವೆ. ದ್ರಾವಣವನ್ನು ಬಳಸುವ ಮುನ್ನ ದೇಹದ ಉಷ್ಣತೆಗೆ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡುವ ಪದ್ಧತಿ ಅನೇಕ ಕಡೆ ಇದೆ. ಬೆಚ್ಚಗಾದ ದ್ರಾವಣ ತೆಳುವಾಗುತ್ತದೆ, ಸರಾಗವಾಗಿ ಹರಿಯುತ್ತದೆ, ಗುಳ್ಳೆಯೂ ಸುಲಭವಾಗಿ ಮೇಲೇಳುತ್ತದೆ.

ಮೂರನೆಯ ಮೂಲ ಬಾಟಲಿಯ ತಳ. ದ್ರಾವಣ ಮುಗಿಯುತ್ತ ಬಂದಾಗ ಸೂಜಿಯ ತುದಿ ದ್ರಾವಣದಿಂದ ಹೊರಗೆ ಬಂದರೆ ಅದು ಗಾಳಿಯನ್ನು ಹೀರುತ್ತದೆ. ನಮ್ಮ ನೆರೆಯ ಶಿವನಸಮುದ್ರದಲ್ಲಿ 1902ರಿಂದಲೂ ಕಾವೇರಿಯ ನೀರಿನಿಂದ ವಿದ್ಯುತ್ತು ತಯಾರಾಗುತ್ತಿದೆ. ಇಂತಹ ಯಾವುದೇ ಜಲವಿದ್ಯುತ್ ಕೇಂದ್ರದಲ್ಲಿ ದೊಡ್ಡ ಕೊಳವೆಯ ಬಾಯಿ ಸದಾ ನೀರಿನೊಳಗೆ ಮುಳುಗಿರುವಂತೆ ನೋಡಿಕೊಳ್ಳುತ್ತಾರೆ. ಬಾಯಿ ಮೇಲೆದ್ದರೆ ನೀರಿನೊಂದಿಗೆ ಗಾಳಿಯೂ ಸೇರಿ ಕೆಡಕಾಗುತ್ತದೆ. ಸಿರಿಂಜಿಗೂ ನಿಯಮ ಅದೇ. ಬಾಟಲಿಯಲ್ಲಿ ಉಳಿದ ಕೊನೆಯ ಹನಿಯ ಆಸೆಗೆ ಬೀಳಬಾರದು.

ಒಳಹೊಕ್ಕ ಗಾಳಿ ಏನು ಮಾಡುತ್ತದೆ?

ಇದನ್ನು ತಿಳಿಯಲು ನಮ್ಮ ರೈತರಿಗೆ ವೈದ್ಯಗ್ರಂಥ ಬೇಕಿಲ್ಲ, ಹೊಲದ ಪಂಪುಸೆಟ್ಟು ಸಾಕು. ಬಾವಿಯ ದಡದ ಪಂಪಿನೊಳಗೆ ಗಾಳಿ ಸೇರಿಕೊಂಡರೆ ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ. ಗಾಳಿ ಹಿಡಿದಿದೆ ಎನ್ನುತ್ತೇವೆ. ಪಂಪಿಗೆ ನೀರು ತುಂಬಿಸಿ ಗಾಳಿ ಹೊರಹಾಕಿದ ಮೇಲೆಯೇ ಅದು ಎತ್ತುತ್ತದೆ. ಹೃದಯವೂ ಒಂದು ಪಂಪು. ಕೈಯ ರಕ್ತನಾಳಕ್ಕೆ ಹೋದ ಗಾಳಿ ಮೊದಲು ಹೃದಯದ ಬಲಭಾಗಕ್ಕೆ ಬರುತ್ತದೆ. ಅದು ದೊಡ್ಡ ಪ್ರಮಾಣದಲ್ಲಿ ಒಮ್ಮೆಗೇ ಬಂದರೆ ಬಲ ಹೃತ್ಕುಕ್ಷಿಯಲ್ಲಿ ರಕ್ತದ ಬದಲು ನೊರೆ ತುಂಬುತ್ತದೆ. ಹೃದಯ ಬಡಿಯುತ್ತದೆ, ಆದರೆ ಶ್ವಾಸಕೋಶಕ್ಕೆ ರಕ್ತ ಮುಂದೆ ಸಾಗುವುದಿಲ್ಲ. ಹೃದಯಕ್ಕೆ ಗಾಳಿ ಹಿಡಿಯುವುದೆಂದರೆ ಇದೇ.

ಹಾಗಾದರೆ ಸಾಸಿವೆಕಾಳಿನಷ್ಟು ಗುಳ್ಳೆ? ಹೃದಯದ ಬಲಭಾಗವನ್ನು ದಾಟಿದ ರಕ್ತವೆಲ್ಲ ಶ್ವಾಸಕೋಶದ ಅತಿ ಸೂಕ್ಷ್ಮ ರಕ್ತನಾಳಗಳ ಜಾಲದ ಮೂಲಕವೇ ಹೋಗಬೇಕು. ಸಣ್ಣ ಗುಳ್ಳೆಗಳು ಆ ಜಾಲದಲ್ಲಿ ಸಿಕ್ಕಿಕೊಳ್ಳುತ್ತವೆ. ಅವುಗಳೊಳಗಿನ ಗಾಳಿ ಶ್ವಾಸಕೋಶದ ಗೂಡುಗಳಿಗೆ ಇಂಗಿ ಉಸಿರಿನೊಂದಿಗೆ ಹೊರಹೋಗುತ್ತದೆ. ಪ್ರಕೃತಿಯೇ ಇಟ್ಟ ಶೋಧಕ ಇದು. ಕಾಂಟ್ರಾಸ್ಟ್ ಕೊಟ್ಟು ಮಾಡಿದ ಎದೆಯ ಸಿ.ಟಿ. ಚಿತ್ರಗಳನ್ನು ಸೂಕ್ಷ್ಮವಾಗಿ ಪರಿಶೀಲಿಸಿದ ವೈದ್ಯರು, ಸುಮಾರು ಹತ್ತು ಜನರಲ್ಲಿ ಒಬ್ಬರಿಂದ ನಾಲ್ಕು ಜನರಲ್ಲಿ ಒಬ್ಬರವರೆಗೆ ಇಂತಹ ಸಣ್ಣ ಗುಳ್ಳೆಗಳನ್ನು ರಕ್ತನಾಳದಲ್ಲಿ ಕಂಡಿದ್ದಾರೆ. ಅವರಿಗೆ ಯಾವ ತೊಂದರೆಯೂ ಆಗಿರಲಿಲ್ಲ. ತಮ್ಮೊಳಗೆ ಗುಳ್ಳೆ ಹೋಯಿತೆಂಬುದೂ ಅವರಿಗೆ ತಿಳಿದಿರಲಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ನಮ್ಮ ಓದುಗರಿಗೆ ಅಚ್ಚರಿಯಾದೀತು. ಹೃದಯದ ಗೋಡೆಯಲ್ಲಿ ರಂಧ್ರವಿದೆಯೇ ಎಂದು ತಿಳಿಯಲು ವೈದ್ಯರು ಲವಣಜಲವನ್ನು ಸ್ವಲ್ಪವೇ ಗಾಳಿಯೊಂದಿಗೆ ಕಲಕಿ, ಅತಿ ಸೂಕ್ಷ್ಮ ಗುಳ್ಳೆಗಳನ್ನು ಮಾಡಿ, ಬೇಕೆಂದೇ ರಕ್ತನಾಳಕ್ಕೆ ಬಿಟ್ಟು ಎಕೋ ಯಂತ್ರದಲ್ಲಿ ನೋಡುತ್ತಾರೆ. ಗುಳ್ಳೆಗಳು ಶಬ್ದತರಂಗವನ್ನು ಪ್ರತಿಫಲಿಸಿ ನಕ್ಷತ್ರಗಳಂತೆ ಹೊಳೆಯುತ್ತವೆ. 1968ರಿಂದ ವೈದ್ಯಲೋಕಕ್ಕೆ ಇದರ ಪರಿಚಯವಿದೆ. ಆದ್ದರಿಂದ ಗಾಳಿಗುಳ್ಳೆ ಎಂಬ ಮಾತ್ರಕ್ಕೆ ಅದು ವಿಷವಲ್ಲ. ಎಷ್ಟು, ಎಷ್ಟು ಬೇಗ, ಯಾವ ನಾಳಕ್ಕೆ ಎಂಬ ಮೂರು ಪ್ರಶ್ನೆಗಳೇ ಮುಖ್ಯ.

ಯಾವಾಗ ಅಪಾಯ?

ಪ್ರಾಣಕ್ಕೆ ಎರವಾಗುವ ಗಾಳಿಯ ಪ್ರಮಾಣವನ್ನು ವೈದ್ಯಗ್ರಂಥಗಳು ವಯಸ್ಕರಲ್ಲಿ ಸುಮಾರು 200ರಿಂದ 300 ಮಿಲಿಲೀಟರ್, ಅಥವಾ ದೇಹದ ತೂಕದ ಪ್ರತಿ ಕಿಲೋಗೆ 3ರಿಂದ 5 ಮಿಲಿಲೀಟರ್ ಎಂದು ಅಂದಾಜಿಸುತ್ತವೆ. ಸಾಸಿವೆಕಾಳಿಗೂ ಇದಕ್ಕೂ ಅಜಗಜಾಂತರ. ಆದರೆ ಈ ಅಂಕಿಯನ್ನು ಹಿಡಿದು ಅದಕ್ಕಿಂತ ಕಡಿಮೆಯಾದರೆ ಚಿಂತೆಯಿಲ್ಲ ಎಂದು ಯಾರೂ ಭಾವಿಸಕೂಡದು. ಅದಕ್ಕಿಂತ ಬಹಳ ಕಡಿಮೆ ಗಾಳಿಯೂ ಹೃದ್ರೋಗಿಗಳಿಗೆ, ನಿತ್ರಾಣರಾದವರಿಗೆ, ಮಕ್ಕಳಿಗೆ ತೊಂದರೆ ಕೊಡಬಲ್ಲದು.

ಎರಡನೆಯದಾಗಿ, ಶ್ವಾಸಕೋಶದ ಶೋಧಕವನ್ನು ತಪ್ಪಿಸಿಕೊಂಡು ಗುಳ್ಳೆ ಹೋಗಬಲ್ಲ ಕಳ್ಳದಾರಿಯೊಂದು ಕೆಲವರಲ್ಲಿರುತ್ತದೆ. ತಾಯಿಯ ಗರ್ಭದಲ್ಲಿರುವಾಗ ಮಗುವಿನ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಕಿಂಡಿಯೊಂದಿರುತ್ತದೆ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಸುಮಾರು ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ಅದು ಪೂರ್ತಿಯಾಗಿ ಮುಚ್ಚಿರುವುದಿಲ್ಲ. ಅವರಿಗೆ ನಿತ್ಯಜೀವನದಲ್ಲಿ ಏನೂ ಗೊತ್ತಾಗುವುದಿಲ್ಲ. ಆದರೆ ಕೆಮ್ಮಿದಾಗ, ಮುಕ್ಕಿರಿದಾಗ ಬಲಭಾಗದ ಒತ್ತಡ ಏರಿ, ಗುಳ್ಳೆ ಆ ಕಿಂಡಿಯ ಮೂಲಕ ಎಡಭಾಗಕ್ಕೆ ದಾಟಬಹುದು. ಎಡಭಾಗದಿಂದ ಹೊರಟ ರಕ್ತ ಮೆದುಳಿಗೂ ಹೃದಯದ ಸ್ವಂತ ನಾಳಗಳಿಗೂ ಹೋಗುತ್ತದೆ. ಅಲ್ಲಿ ಸಣ್ಣ ಗುಳ್ಳೆಯೂ ರಕ್ತದ ದಾರಿಯನ್ನು ತಡೆದು ಪಾರ್ಶ್ವವಾಯುವಿನಂತಹ ಹಾನಿ ಮಾಡಬಲ್ಲದು. ಹುಟ್ಟಿನಿಂದ ಹೃದಯದೋಷವಿದ್ದು ತುಟಿ, ಉಗುರು ನೀಲಿಯಾಗುವ ಮಕ್ಕಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಮೂರನೆಯದಾಗಿ, ಹೃದಯದ ಆಂಜಿಯೋಗ್ರಾಮ್ ಬೇರೆಯೇ ವಿಷಯ. ಅಲ್ಲಿ ದ್ರಾವಣವನ್ನು ಕೈಯ ಸಾಧಾರಣ ರಕ್ತನಾಳಕ್ಕೆ ಕೊಡುವುದಲ್ಲ. ಅಪಧಮನಿಯ ಮೂಲಕ ಸಾಗಿಸಿದ ನಳಿಕೆಯಿಂದ ನೇರವಾಗಿ ಹೃದಯದ ನಾಳಕ್ಕೇ ಬಿಡುತ್ತಾರೆ. ನಡುವೆ ಶ್ವಾಸಕೋಶದ ಶೋಧಕವಿಲ್ಲ. ಆದ್ದರಿಂದಲೇ ಆ ಕೋಣೆಯಲ್ಲಿ ಪ್ರತಿಯೊಂದು ಜೋಡಣೆಯನ್ನೂ ಪ್ರತಿಯೊಂದು ಸಿರಿಂಜನ್ನೂ ಮತ್ತೆ ಮತ್ತೆ ನೋಡುತ್ತಾರೆ.

ಗುಳ್ಳೆಯನ್ನು ಹೊರಹಾಕುವ ಕ್ರಮ

ನಮ್ಮ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಶುಶ್ರೂಷಕಿಯರಾಗಿ, ಸ್ಕ್ಯಾನಿಂಗ್ ತಂತ್ರಜ್ಞರಾಗಿ ದುಡಿಯುತ್ತಿದ್ದಾರೆ, ಓದುತ್ತಿದ್ದಾರೆ. ಅವರಿಗೆ ನೆನಪಿಗಾಗಿ, ಉಳಿದವರಿಗೆ ತಿಳಿವಳಿಕೆಗಾಗಿ ಈ ಕ್ರಮವನ್ನು ಇಲ್ಲಿ ಹೇಳುತ್ತೇವೆ. ಆಯಾ ಯಂತ್ರದ ಕೈಪಿಡಿ, ಆಯಾ ಆಸ್ಪತ್ರೆಯ ನಿಯಮ ಎಂದಿಗೂ ಮೊದಲು.

ಮೊದಲನೆಯದು, ಸಿರಿಂಜಿನ ತುದಿ ಮೇಲ್ಮುಖವಾಗಿರುವಂತೆ ಇಟ್ಟು ದ್ರಾವಣವನ್ನು ನಿಧಾನವಾಗಿ ತುಂಬಿಕೊಳ್ಳುವುದು. ಗಾಳಿಯ ಸ್ವಭಾವ ಮೇಲೇರುವುದು. ಹೊರಹೋಗುವ ಬಾಗಿಲೂ ಮೇಲೆಯೇ ಇರಬೇಕು.

ಎರಡನೆಯದು, ಸಿರಿಂಜನ್ನು ಬೆರಳಿನಿಂದ ಮೆಲ್ಲಗೆ ತಟ್ಟುವುದು. ಗೋಡೆಗೆ ಅಂಟಿದ ಗುಳ್ಳೆಗಳು ಬಿಡಿಸಿಕೊಂಡು ಮೇಲೇಳುತ್ತವೆ. ಹಟ ಹಿಡಿದ ಗುಳ್ಳೆಗಳಿದ್ದರೆ ದಿಂಡನ್ನು ಸ್ವಲ್ಪ ಹಿಂದಕ್ಕೆ ಎಳೆದು, ಮೇಲೆ ಸೇರಿದ ಗಾಳಿಯೊಂದಿಗೆ ಅವು ಒಂದಾಗುವಂತೆ ಮಾಡಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಹೊರದೂಡುವುದು.

ಮೂರನೆಯದು, ಕೊಳವೆಯನ್ನು ಜೋಡಿಸಿ ಅದರ ತುದಿಯಿಂದ ದ್ರಾವಣ ಹನಿಹನಿಯಾಗಿ ಹೊರಬರುವವರೆಗೆ ತುಂಬಿಸುವುದು. ತಿರುವು ಇರುವ ಕಡೆ, ಜೋಡಣೆ ಇರುವ ಕಡೆ ಗುಳ್ಳೆ ಅಡಗಿರುತ್ತದೆ. ಆ ಜಾಗಗಳನ್ನು ಬೆಳಕಿಗೆ ಹಿಡಿದು ನೋಡುವುದು.

ನಾಲ್ಕನೆಯದು, ರೋಗಿಯ ಸೂಜಿಗೆ ಕೊಳವೆಯನ್ನು ಜೋಡಿಸುವಾಗ ಎರಡೂ ತುದಿಗಳಲ್ಲಿ ದ್ರವ ತುಂಬಿ ನಿಂತಿರಬೇಕು. ಹನಿಗೆ ಹನಿ ತಾಗಿದರೆ ನಡುವೆ ಗಾಳಿಗೆ ಜಾಗವಿಲ್ಲ. ಒಂದು ತುದಿ ಒಣಗಿದ್ದರೂ ಅಷ್ಟು ಗಾಳಿ ಒಳಗೆ ಹೋಗುವುದು ಖಂಡಿತ.

ಐದನೆಯದು, ಎಲ್ಲ ಸಿದ್ಧವಾದ ಮೇಲೆ ಇಂಜೆಕ್ಟರಿನ ತಲೆಯನ್ನು ಕೆಳಮುಖವಾಗಿ ಬಾಗಿಸುವುದು. ಕಣ್ಣುತಪ್ಪಿ ಸಣ್ಣ ಗುಳ್ಳೆ ಉಳಿದಿದ್ದರೂ ಅದು ಮೇಲೇರಿ ದಿಂಡಿನ ಕಡೆಗೆ ಹೋಗುತ್ತದೆ, ರೋಗಿಯ ಕಡೆಗೆ ಇಳಿಯುವುದಿಲ್ಲ. ತುಂಬುವಾಗ ತುದಿ ಮೇಲೆ, ಕೊಡುವಾಗ ತುದಿ ಕೆಳಗೆ. ಇದಿಷ್ಟು ನೆನಪಿದ್ದರೆ ಅರ್ಧ ಎಚ್ಚರ ಬಂದಂತೆ.

ಕೊನೆಯದು, ಗುಂಡಿ ಒತ್ತುವ ಮುನ್ನ ಸಿರಿಂಜಿನಿಂದ ಸೂಜಿಯವರೆಗೆ ಮತ್ತೊಮ್ಮೆ ಕಣ್ಣಾಡಿಸುವುದು. ಕೆಲವು ಯಂತ್ರಗಳಲ್ಲಿ ಗಾಳಿಯನ್ನು ಪತ್ತೆಹಚ್ಚುವ ಸಾಧನವಿದೆ. ಅದು ನೆರವಿಗೆ ಮಾತ್ರ. ಎಲ್ಲ ಗುಳ್ಳೆಯನ್ನೂ ಅದು ಕಾಣುತ್ತದೆ ಎಂಬ ನೆಚ್ಚಿಕೆ ಸಲ್ಲದು.

ಬರಿದಾದ ಸಿರಿಂಜು ತುಂಬಿದಂತೆ ಕಂಡರೆ

ಸ್ಕ್ಯಾನಿಂಗ್ ಕೋಣೆಯಲ್ಲಿ ನಿಜವಾದ ದೊಡ್ಡ ಅಪಾಯ ಸಾಸಿವೆಕಾಳಿನ ಗುಳ್ಳೆಯದಲ್ಲ, ಬರಿದಾದ ಸಿರಿಂಜಿನದು. ಒಬ್ಬ ರೋಗಿಯ ಸ್ಕ್ಯಾನ್ ಮುಗಿದು, ಮುಂದಿನವರಿಗೆ ಹೊಸ ಸಿರಿಂಜು ಹಾಕಿ, ದ್ರಾವಣ ತುಂಬುವ ಹೊತ್ತಿಗೆ ಫೋನು ಬಂದಿತು, ಯಾರೋ ಕರೆದರು, ಹೊರಗೆ ಸಾಲು ಉದ್ದವಾಯಿತು. ಮರಳಿ ಬಂದವರು ತುಂಬಿಯಾಗಿದೆ ಎಂದುಕೊಂಡರು. ಪಾರದರ್ಶಕ ಸಿರಿಂಜಿನಲ್ಲಿ ಬಣ್ಣವಿಲ್ಲದ ದ್ರಾವಣ. ತುಂಬಿದ್ದರೂ ಬರಿದಾಗಿದ್ದರೂ ದೂರದಿಂದ ಒಂದೇ ತೋರಿಕೆ. ದೊಡ್ಡ ಪ್ರಮಾಣದ ಗಾಳಿ ಒಳಹೋಗುವುದು ಇಂತಹ ಮರೆವಿನಿಂದ.

ಇದನ್ನು ತಡೆಯಲು ಕೆಲವು ಸಿರಿಂಜುಗಳ ಗೋಡೆಯ ಮೇಲೆ ಸಣ್ಣ ಚುಕ್ಕೆಗಳನ್ನು ಮುದ್ರಿಸಿರುತ್ತಾರೆ. ಸಿರಿಂಜಿನಲ್ಲಿ ದ್ರವವಿದ್ದರೆ ಆ ಚುಕ್ಕೆಗಳು ದುಂಡಗೆ ಕಾಣುತ್ತವೆ. ಗಾಳಿಯಿದ್ದರೆ ಚಪ್ಪಟೆಯಾಗಿ, ಕಿರಿದಾಗಿ ಕಾಣುತ್ತವೆ. ದ್ರವ ತುಂಬಿದ ಗಾಜಿನ ಲೋಟದ ಹಿಂದೆ ಬೆರಳಿಟ್ಟರೆ ಬೆರಳು ಅಗಲವಾಗಿ ಕಾಣುವುದಿಲ್ಲವೇ? ಅದೇ ತತ್ವ. ಖರ್ಚಿಲ್ಲದ ಉಪಾಯ, ಆದರೆ ನೋಡುವವರು ನೋಡಿದರೆ ಮಾತ್ರ ಉಪಯೋಗ.

ಹಾಗಾಗಿ ತುಂಬಿದವರೇ ಜೋಡಿಸಬೇಕು, ಕೆಲಸ ನಡುವೆ ನಿಂತರೆ ಮತ್ತೆ ಮೊದಲಿನಿಂದ ನೋಡಬೇಕು, ಬಳಸಿದ ಸಿರಿಂಜನ್ನು ಯಂತ್ರದಲ್ಲಿ ಹಾಗೆಯೇ ಬಿಡಬಾರದು ಎಂಬ ನಿಯಮಗಳನ್ನು ಒಳ್ಳೆಯ ಆಸ್ಪತ್ರೆಗಳು ಪಾಲಿಸುತ್ತವೆ. ಒಬ್ಬರಿಗೆ ಬಳಸಿದ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಶರಣರು ಕಾಯಕವೆಂದು ಕರೆದದ್ದು ಯಾರೂ ನೋಡದಿರುವಾಗಲೂ ಅಷ್ಟೇ ನಿಷ್ಠೆಯಿಂದ ಮಾಡುವ ಕೆಲಸವನ್ನಲ್ಲವೇ? ದಿನಕ್ಕೆ ನಲವತ್ತನೆಯ ರೋಗಿಗೂ ಮೊದಲನೆಯ ರೋಗಿಗೆ ತಟ್ಟಿದಂತೆಯೇ ಸಿರಿಂಜನ್ನು ತಟ್ಟುವ ಕೈ ಆ ಕಾಯಕದ ಕೈ.

ರೋಗಿ, ಮನೆಯವರು ಮಾಡಬೇಕಾದ್ದೇನು?

ತಾಂತ್ರಿಕ ಎಚ್ಚರವೆಲ್ಲ ಆಸ್ಪತ್ರೆಯವರದು. ಆದರೂ ನಮ್ಮ ಪಾಲಿನದು ಸ್ವಲ್ಪವಿದೆ.

ಹೋಗುವಾಗ ಹಳೆಯ ಚೀಟಿ, ಹಳೆಯ ಸ್ಕ್ಯಾನ್ ಎಲ್ಲವನ್ನೂ ಕೊಂಡೊಯ್ಯಿರಿ. ಹುಟ್ಟಿನಿಂದ ಹೃದಯದ ತೊಂದರೆಯಿದ್ದರೆ, ಹೃದಯದಲ್ಲಿ ರಂಧ್ರವಿದೆಯೆಂದು ಯಾರಾದರೂ ಹೇಳಿದ್ದರೆ, ಕೇಳುವ ಮೊದಲೇ ತಿಳಿಸಿರಿ. ಹಿಂದೆ ಕಾಂಟ್ರಾಸ್ಟ್ ಸೂಜಿಮದ್ದಿನಿಂದ ಮೈಯಲ್ಲಿ ಗಂದೆ, ಉಬ್ಬಸ ಬಂದಿದ್ದರೆ, ಮೂತ್ರಪಿಂಡದ ಕಾಯಿಲೆಯಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಅದನ್ನೂ ಹೇಳಿರಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗ ಬಂಧುಗಳಲ್ಲಿ ಕೆಲವರಿಗೆ ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಇರುತ್ತದೆ; ಅದೂ ವೈದ್ಯರಿಗೆ ತಿಳಿದಿರಬೇಕು.

ದ್ರಾವಣ ಒಳಹೋಗುವಾಗ ಮೈಯೆಲ್ಲ ಬಿಸಿಯಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ, ಮೂತ್ರ ಹೋದಂತೆ ಅನಿಸುವುದು ಸಹಜ. ಅರೆಗಳಿಗೆಯಲ್ಲಿ ಅದು ಹೋಗುತ್ತದೆ. ಇದನ್ನು ಗಾಳಿ ಹೊಕ್ಕಿತೆಂದು ಭಾವಿಸಬೇಡಿರಿ. ಆದರೆ ಸೂಜಿಯಿರುವ ಜಾಗದಲ್ಲಿ ಉರಿ, ಊತ ಕಂಡರೆ ಕೂಡಲೇ ಕೂಗಿ ಹೇಳಿರಿ.

ಮಲಗಿದ ಮೇಲೆ ಕೈ ಆಡಿಸಬೇಡಿರಿ. ಉಸಿರು ಹಿಡಿಯಲು ಹೇಳಿದಾಗ ಸಾಧಾರಣವಾಗಿ ಹಿಡಿಯಿರಿ, ಮುಕ್ಕಿರಿದು ಬಿಗಿಹಿಡಿಯಬೇಡಿರಿ. ಕೈಯಲ್ಲಿರುವ ಸೂಜಿಯ ಮುಚ್ಚಳವನ್ನು ನೀವಾಗಿ ತೆಗೆಯಬೇಡಿರಿ. ಕುತ್ತಿಗೆಯಲ್ಲಿ ದೊಡ್ಡ ನಳಿಕೆ ಹಾಕಿಸಿಕೊಂಡವರು ಇದರಲ್ಲಿ ಇಮ್ಮಡಿ ಎಚ್ಚರ ವಹಿಸಬೇಕು. ಅದರ ಬಾಯಿ ತೆರೆದಿರುವಾಗ ದೀರ್ಘವಾಗಿ ಉಸಿರೆಳೆದುಕೊಂಡರೆ ಎದೆಯೊಳಗಿನ ಒತ್ತಡ ಇಳಿದು ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ.

ಕೊಳವೆಯಲ್ಲಿ ಗುಳ್ಳೆ ಕಂಡರೆ? ಎದ್ದು ಓಡಬೇಡಿರಿ, ಸುಮ್ಮನೆಯೂ ಇರಬೇಡಿರಿ. "ಇಲ್ಲೊಂದು ಗುಳ್ಳೆ ಕಾಣುತ್ತಿದೆ, ಸ್ವಲ್ಪ ನೋಡುವಿರಾ?" ಎಂದು ಕೇಳಿರಿ. ಹಳ್ಳಿಯವರು, ಓದದವರು ಕೇಳಬಾರದೆಂಬ ಸಂಕೋಚ ಬೇಡ. ಕಣ್ಣಿಗೆ ಕಂಡದ್ದನ್ನು ಹೇಳಲು ಓದು ಬೇಕಿಲ್ಲ. ಕೊಳವೆ ಬಿಚ್ಚಿ ಗುಳ್ಳೆಯನ್ನು ಹೊರಹಾಕಲು ಅವರಿಗೆ ಅರೆನಿಮಿಷ ಸಾಕು.

ಅಪಾಯದ ಚಿಹ್ನೆಗಳು

ಸೂಜಿಮದ್ದು ನಡೆಯುತ್ತಿರುವಾಗ ಅಥವಾ ಆದ ಕೂಡಲೇ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ತಡೆಯದ ಕೆಮ್ಮು, ತಲೆಸುತ್ತು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಕೈಕಾಲಿನ ಒಂದು ಬದಿ ಸೋಲುವುದು ಕಂಡರೆ ತಡಮಾಡದೆ ತಿಳಿಸಬೇಕು. ಗಾಳಿ ಹೊಕ್ಕಿರುವ ಅನುಮಾನ ಬಂದರೆ ವೈದ್ಯರು ಸೂಜಿಮದ್ದನ್ನು ತಕ್ಷಣ ನಿಲ್ಲಿಸಿ, ಶುದ್ಧ ಆಮ್ಲಜನಕ ಕೊಟ್ಟು, ರೋಗಿಯನ್ನು ಎಡಮಗ್ಗುಲಿಗೆ ಮಲಗಿಸುತ್ತಾರೆ. ಎಡಮಗ್ಗುಲಾದಾಗ ಹೃದಯದ ಬಲಭಾಗ ಮೇಲಾಗಿ, ಗಾಳಿ ಅಲ್ಲಿಯೇ ಮೇಲೆ ತೇಲುತ್ತ ನಿಂತು, ರಕ್ತ ಹೊರಹೋಗುವ ದಾರಿ ತೆರವಾಗುತ್ತದೆ. 1947ರಿಂದ ವೈದ್ಯರು ಬಲ್ಲ ಉಪಾಯವಿದು. ಇದು ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆ. ನಮ್ಮ ಕೆಲಸ ಕೂಗಿ ತಿಳಿಸುವುದು.

ಗ್ಲೂಕೋಸ್ ಬಾಟಲಿ, ಇನ್ಸುಲಿನ್ ಸೂಜಿ

ಸ್ಕ್ಯಾನಿಂಗ್ ವಿಷಯ ಹೇಳುವಾಗ ಜನರು ನಮ್ಮನ್ನು ಇನ್ನೆರಡು ಪ್ರಶ್ನೆಗಳನ್ನೂ ಕೇಳುತ್ತಾರೆ. ಮೊದಲನೆಯದು, ಗ್ಲೂಕೋಸ್ ಬಾಟಲಿ ಬರಿದಾದರೆ ಗಾಳಿ ಒಳಗೆ ಹೋಗುವುದಿಲ್ಲವೇ? ಎತ್ತರದಲ್ಲಿ ತೂಗುಹಾಕಿದ ಬಾಟಲಿಯಿಂದ ದ್ರವವು ತನ್ನ ಭಾರದಿಂದ ಇಳಿಯುತ್ತದೆ. ಬಾಟಲಿ ಬರಿದಾದ ಮೇಲೆ ಕೊಳವೆಯಲ್ಲಿ ಉಳಿದ ದ್ರವದ ಮಟ್ಟ ಇಳಿದಂತೆ ತಳ್ಳುವ ಬಲವೂ ಇಳಿಯುತ್ತದೆ. ರಕ್ತನಾಳದ ಒತ್ತಡಕ್ಕೆ ಅದು ಸಮನಾದಾಗ ಸಾಮಾನ್ಯವಾಗಿ ಹರಿವು ನಿಲ್ಲುತ್ತದೆ, ಕೆಲವೊಮ್ಮೆ ರಕ್ತ ಕೊಳವೆಯೊಳಕ್ಕೆ ಮೇಲೇರಿಯೂ ಕಾಣುತ್ತದೆ. ಗಾಬರಿ ಬೇಡ. ಆದರೆ ಬಾಟಲಿ ಮುಗಿಯುತ್ತ ಬಂದಾಗಲೇ ಶುಶ್ರೂಷಕಿಯರಿಗೆ ಹೇಳಿರಿ. ಬೇಗ ಮುಗಿಯಲೆಂದು ಬಾಟಲಿಯನ್ನು ಹಿಂಡುವುದು ಮಾತ್ರ ಎಂದಿಗೂ ಕೂಡದು. ಹಿಂಡಿದಾಗ ಗಾಳಿಯನ್ನು ತಳ್ಳುವ ಬಲ ನಮ್ಮ ಕೈಯಿಂದಲೇ ಬರುತ್ತದೆ.

ಎರಡನೆಯದು ಇನ್ಸುಲಿನ್. ಇದು ಚರ್ಮದ ಕೆಳಗಿನ ಕೊಬ್ಬಿಗೆ ಹೋಗುವ ಮದ್ದು. ಅಲ್ಲಿ ಗುಳ್ಳೆ ಹೋದರೆ ಪ್ರಾಣಾಪಾಯವಿಲ್ಲ. ನಷ್ಟ ಬೇರೆಯದು: ಗುಳ್ಳೆ ಹಿಡಿದ ಜಾಗದಷ್ಟು ಮದ್ದು ಕಡಿಮೆಯಾಗುತ್ತದೆ, ಸಕ್ಕರೆ ಹತೋಟಿ ತಪ್ಪುತ್ತದೆ. ಸಿರಿಂಜಾದರೆ ತಟ್ಟಿ ಗಾಳಿ ತೆಗೆಯಿರಿ. ಪೆನ್ನಾದರೆ ಸೂಜಿಯನ್ನು ಮೇಲ್ಮುಖವಾಗಿ ಹಿಡಿದು, ಸಾಮಾನ್ಯವಾಗಿ 2 ಯೂನಿಟ್ ಹೊರಬಿಟ್ಟು, ತುದಿಯಲ್ಲಿ ಹನಿ ಕಂಡ ಮೇಲೆ ನಿಮ್ಮ ಪ್ರಮಾಣವನ್ನು ಚುಚ್ಚಿಕೊಳ್ಳಿರಿ.

ಹಿರಿಯರು ಮತ್ತೆ ಹೋದರು

ಆ ಹನೂರಿನ ಹಿರಿಯರಿಗೆ ನಾವು ಹೇಳಿದ್ದು ಹೆಚ್ಚೇನಲ್ಲ. ಪಂಪುಸೆಟ್ಟಿನ ಮಾತು ಹೇಳಿದೆವು, ಶ್ವಾಸಕೋಶದ ಶೋಧಕದ ಮಾತು ಹೇಳಿದೆವು. "ನೀವು ಗುಳ್ಳೆ ಕಂಡದ್ದು ತಪ್ಪಲ್ಲ, ಕಂಡದ್ದನ್ನು ಹೇಳದೆ ಎದ್ದು ಬಂದದ್ದು ತಪ್ಪು" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೋಟಾರು ಹಾಕುವ ಮುಂಚೆ ಪಂಪಿಗೆ ನೀರು ತುಂಬಿಸುವವನು ನಾನೇ ಅಲ್ಲವೇ ಎಂದು ನಕ್ಕರು.

ಮುಂದಿನ ವಾರ ಮಗನೊಡನೆ ಮತ್ತೆ ಹೋದರು. ಕೊಳವೆ ಜೋಡಿಸುವ ಮೊದಲು ಗುಳ್ಳೆ ಇದೆಯೇ ನೋಡಿ ತಾಯಿ ಎಂದು ಅಲ್ಲಿದ್ದ ಹೆಣ್ಣುಮಗಳನ್ನು ಕೇಳಿದರಂತೆ. ಆಕೆ ಸಿಡುಕಲಿಲ್ಲ. ಕೊಳವೆಯನ್ನು ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ತೋರಿಸಿ, ಒಂದು ಹನಿಯನ್ನು ಅವರೆದುರೇ ಹೊರಬಿಟ್ಟು, ಆಮೇಲೆ ಜೋಡಿಸಿದಳಂತೆ. ಸ್ಕ್ಯಾನ್ ಆಯಿತು, ಕಾಯಿಲೆ ಏನೆಂದು ತಿಳಿಯಿತು, ಚಿಕಿತ್ಸೆ ನಡೆಯುತ್ತಿದೆ. ಎರಡು ತಿಂಗಳು ಮೊದಲೇ ಆರಂಭವಾಗಬಹುದಾಗಿತ್ತು ಎಂದು ವೈದ್ಯರು ಹೇಳಿದರೆಂಬುದನ್ನೂ ಅವರು ಮುಚ್ಚಿಡಲಿಲ್ಲ. ಅವರ ಅನುಮತಿಯಿಂದಲೇ, ಹೆಸರು ಹೇಳದೆ, ಈ ಸಂಗತಿಯನ್ನು ಇಲ್ಲಿ ಬರೆದಿದ್ದೇವೆ. ನಮ್ಮ ಊರುಗಳ ಇನ್ನೊಬ್ಬ ಹಿರಿಯರಿಗೆ ಆ ಎರಡು ತಿಂಗಳು ವ್ಯರ್ಥವಾಗದಿರಲಿ. ಸ್ಕ್ಯಾನಿಂಗಿಗೆ ಹೊರಟವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿರಿ.